ಅತ್ತೆಯ ಬಾಯಲ್ಲಿ ಒಂದು ಎಕ್ಸ್

ನಮ್ಮ ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಬರುವುದಿಲ್ಲ ಎಂದರೆ ಬರುವುದಿಲ್ಲ. ರೇಡಿಯೋದಲ್ಲಿ ಇಂಗ್ಲಿಷ್ ವಾರ್ತೆ ಶುರುವಾದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಅದರ ಕಿವಿ ತಿರುಪಿ ಬಂದ್ ಮಾಡುತ್ತಾರೆ. ಅಂಥವರು ಕಳೆದ ಗುರುವಾರ ಅಡುಗೆಮನೆಯಿಂದ ಒಂದು ಇಂಗ್ಲಿಷ್ ಪದವನ್ನು ಕೂಗಿ ಹೇಳಿದರು. ಅದೂ ಎಷ್ಟು ಸ್ಪಷ್ಟವಾಗಿ!

ಅಂದಿನಿಂದ ನನಗೆ ಈ ಮನೆಯಲ್ಲಿ ಯಾರ ಮೇಲೂ ನಂಬಿಕೆ ಇಲ್ಲ.

ಆದದ್ದು ಇಷ್ಟು. ನನ್ನ ನಾದಿನಿ ಶಶಿ ಉಡುಪಿಗೆ ಟೈಪಿಂಗ್ ಕ್ಲಾಸಿಗೆ ಹೋಗುತ್ತಾಳೆ. ಕಾಪುವಿನಿಂದ ಬೆಳಗಿನ ಬಸ್ಸು, ನಿಂತುಕೊಂಡೇ ಪ್ರಯಾಣ. ಈ ಭಾನುವಾರ ಅವಳ ಜೂನಿಯರ್ ಪರೀಕ್ಷೆ. ಅದು ಪಾಸಾದರೆ ಎಲ್ಲಾದರೂ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕೀತು ಎನ್ನುವುದು ಅವಳ ಆಸೆ. (ಆಸೆ ಎಂದರೆ ತಪ್ಪಾದೀತು. ಹಠ.) ಮನೆಯಲ್ಲಿ ಮೆಷಿನ್ ಇಲ್ಲ. ಹಾಗಾಗಿ ಊಟದ ಮೇಜಿನ ಅಂಚಿನ ಮೇಲೇ ಬೆರಳು ಕುಣಿಸುತ್ತಾಳೆ. ಸಾರಿನ ಪಾತ್ರೆ ಕೂಡ ಟಕಟಕ ಅನ್ನುತ್ತದೆ.

ಅವಳಿಗೆ ತಾಪತ್ರಯ ಕೊಡುವುದು ಎಕ್ಸ್. ಎಡಗೈಯ ಉಂಗುರದ ಬೆರಳಿನಿಂದ ಒತ್ತಬೇಕಾದ ಅಕ್ಷರವಂತೆ. ಆ ಬೆರಳೊಂದು ಸೋಮಾರಿ. ಎಕ್ಸ್ ಇರುವ ಸಣ್ಣ ಸಣ್ಣ ಪದಗಳನ್ನು ಮನೆಯಲ್ಲಿ ಬಡಿದು ಬಡಿದು ಅಭ್ಯಾಸ ಮಾಡು ಎಂದು ಕಲಿಸುವವರು ಹೇಳಿ ಕಳಿಸಿದ್ದರು.

"ಬಾಕ್ಸ್, ಸಿಕ್ಸ್, ಫಾಕ್ಸ್ ಎಲ್ಲ ಆಯಿತು. ಇನ್ನೂ ಉಂಟಾದರೆ ಹೇಳಿ ಅತ್ತಿಗೆ" ಅಂದಳು.

"ಟ್ಯಾಕ್ಸ್!" ಎಂದರು ಪೇಪರಿನ ಹಿಂದಿನಿಂದ ನಮ್ಮವರು. (ಹಿಂದಿನ ದಿನ ಪಂಚಾಯತಿನಿಂದ ನೋಟಿಸು ಬಂದಿತ್ತು.) ನಾನು "ಮಿಕ್ಸ್" ಎಂದೆ. (ಹಾಲಿನವನ ಮೇಲೆ ನನಗೆ ಮೊದಲಿನಿಂದಲೂ ಸಂಶಯ ಉಂಟು.) ನೋಡಿ, ಕೇಳಿದ್ದು ಬರೀ ಒಂದು ಪದ. ಬಾಯಿಗೆ ಬಂದದ್ದು ಮಾತ್ರ ಅವರವರ ಮನಸ್ಸಿನಲ್ಲಿ ಓಡುತ್ತಿದ್ದದ್ದು.

ಆಗಲೇ ಅಡುಗೆಮನೆಯಿಂದ ಅತ್ತೆ ಕೂಗಿದ್ದು: "ಫಿಕ್ಸ್!"

ಶಶಿ ನಕ್ಕಳು. "ಓ! ಅಮ್ಮನಿಗೂ ಇಂಗ್ಲಿಷ್ ಬಂತು!" ಎಂದು ಮೇಜಿನ ಮೇಲೆ ಬೆರಳು ಬಡಿದಳು. ನಾನು ನಗಲಿಲ್ಲ. ನಮ್ಮವರೂ ನಗಲಿಲ್ಲ. ಅವರು ಪೇಪರಿನ ಪುಟ ತಿರುವಿದ ರೀತಿ ನನಗೆ ಸರಿ ಕಾಣಲಿಲ್ಲ.

ಫಿಕ್ಸ್ ಎನ್ನುವ ಪದ ಅತ್ತೆಯ ಕಿವಿಗೆ ಬಿದ್ದದ್ದು ಎಲ್ಲಿಂದ?

ಒಂದೊಂದೇ ನೆನಪಾಗತೊಡಗಿತು. ಬುಧವಾರ ಕಾರ್ಕಳದಿಂದ ಮಾವ, ಅಂದರೆ ಅತ್ತೆಯ ಅಣ್ಣ, ಹೇಳದೆ ಕೇಳದೆ ಬಂದಿದ್ದರು. ಅಗ್ಗದ ಬೂತಾಯಿ ಮೀನಿನ ಸಾರಿನಲ್ಲೇ ವಾರ ಕಳೆಯುವ ಮನೆಗೆ ಅಂದು ದುಬಾರಿ ಅಂಜಲ್ ಮೀನು ಬಂತು. ಚಿನ್ನದ ಗೆರೆಯ ಕಪ್ಪುಗಳು ಕಪಾಟಿನಿಂದ ಇಳಿದು ತೊಳೆಸಿಕೊಂಡವು. ನನ್ನನ್ನು ಬಟ್ಟೆ ಒಗೆಯಲು ಬಾವಿಕಟ್ಟೆಗೆ ಕಳಿಸಿ, ಮಾವ, ಅತ್ತೆ, ನಮ್ಮವರು ಮೂವರೂ ಚಾವಡಿಯಲ್ಲಿ ಕೂತಿದ್ದರು. ನಮ್ಮ ಕಡೆ ಸೋದರಮಾವನ ಮಾತಿಗೆ ಎಂಥ ತೂಕ ಎಂದು ನಿಮಗೆ ನಾನು ಹೇಳಬೇಕೇ?

ತೆಂಗಿನಕಾಯಿ ತುರಿಯುವ ನೆಪದಲ್ಲಿ ಅತ್ತೆಯ ಪಕ್ಕ ಕೂತೆ.

"ಅತ್ತೆ, ಆ ಫಿಕ್ಸ್ ಎಂದರೆ ಎಂತ?"

"ನನಗೆಂತ ಗೊತ್ತು? ಬಸ್ಸಿನಲ್ಲಿ ಯಾರೋ ಹೇಳುತ್ತಿದ್ದರು."

"ಮಂಡಿನೋವು ಅಂತ ನೀವು ಬಸ್ಸು ಹತ್ತದೆ ಎಷ್ಟು ಸಮಯವಾಯಿತು!"

ಅತ್ತೆ ಒಲೆಯ ಕಡೆ ತಿರುಗಿದರು. ಉರಿಯುತ್ತಿದ್ದ ಒಲೆಯನ್ನೇ ಮತ್ತೆ ಊದಿದರು. ಆಮೇಲೆ ಮೆಲ್ಲ ಹೇಳಿದರು. "ಹುಡುಗ ಮಣಿಪಾಲದಲ್ಲಿದ್ದಾನೆ ಸುಮತಿ. ಒಳ್ಳೆ ಕೆಲಸ. ಅಣ್ಣ ಎಲ್ಲ ಮಾತಾಡಿ ಆಗಿದೆ. ಫಿಕ್ಸ್ ಅಂದ. ಅವಳಿಗೆ ಈಗಲೇ ಹೇಳುವುದು ಬೇಡ, ಗಲಾಟೆ ಮಾಡುತ್ತಾಳೆ."

"ಹೇಳಿ ಆಯಿತಲ್ಲ" ಎಂದಳು ಶಶಿ. ಬಾಗಿಲಲ್ಲೇ ನಿಂತಿದ್ದಳು.

ಆ ರಾತ್ರಿ ನಾನು ಯೋಚಿಸಿದೆ. ಮದುವೆ ಕುದುರುವುದಕ್ಕೆ ನಮ್ಮ ತುಳುವಿನಲ್ಲಿ ಪದವಿಲ್ಲವೇ? ಕನ್ನಡದಲ್ಲಿ ಇಲ್ಲವೇ? ಬೇಕಾದಷ್ಟು ಉಂಟು. ಆದರೆ "ಒಪ್ಪಿಗೆಯಾಯಿತು" ಎಂದರೆ ಯಾರ ಒಪ್ಪಿಗೆ ಎಂದು ಯಾರಾದರೂ ಕೇಳಿಯಾರು. ಫಿಕ್ಸ್ ಎಂದರೆ ಯಾರೂ ಕೇಳುವುದಿಲ್ಲ. ಗೋಡೆಗೆ ಮೊಳೆ ಹೊಡೆದ ಹಾಗೆ. ಗೋಡೆಯನ್ನು ಯಾರು ಕೇಳುತ್ತಾರೆ? ಕೇಳಿ ಮಾಡಬೇಕಾದ್ದನ್ನು ಕೇಳದೆ ಮಾಡುವಾಗಲೇ ನಮಗೆ ಈ ಪುಟ್ಟ ಇಂಗ್ಲಿಷ್ ಪದಗಳು ಬೇಕಾಗುತ್ತವೆಯೋ ಏನೋ. ನಿಮ್ಮ ಮನೆಯಲ್ಲೂ ಒಮ್ಮೆ ಕಿವಿಗೊಟ್ಟು ನೋಡಿ.

ಕಳೆದ ಭಾನುವಾರ ಮಾವ ಮತ್ತೆ ಬಂದರು. ಶಶಿ ಕಾಫಿ ಕೊಟ್ಟು ಎದುರಿಗೇ ನಿಂತಳು.

"ಮಾವ, ಮದುವೆ ಬೇಡ ಎಂದು ನಾನು ಹೇಳಲಿಲ್ಲ. ಮೊದಲು ಪರೀಕ್ಷೆ ಬರೆಯುತ್ತೇನೆ. ಆಮೇಲೆ ಹುಡುಗನನ್ನು ನಾನೂ ನೋಡುತ್ತೇನೆ."

"ಟೈಪಿಂಗ್ ಕಲಿತು ಎಂತ ಮಾಡುತ್ತಿ? ಗಂಡನಿಗೆ ಪ್ರೇಮಪತ್ರ ಟೈಪ್ ಮಾಡಿ ಕೊಡುವುದಾ?" ಮಾವ ಹೊಟ್ಟೆ ಕುಣಿಸಿ ನಕ್ಕರು.

"ಹೌದು. ಅವರಿಗೆ ಓದಲಿಕ್ಕೆ ಬಂದರೆ."

ಅತ್ತೆ "ಶಶೀ" ಎಂದು ಹಲ್ಲು ಕಚ್ಚಿದರು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಮಾವ ಕಾಫಿಯನ್ನು ಪೂರ್ತಿ ಕುಡಿದು, ಕಪ್ಪು ಕೆಳಗಿಟ್ಟು, "ಆಯಿತು ಮಾರಾಯ್ತಿ. ಪರೀಕ್ಷೆ ಮುಗಿಯಲಿ. ಅಲ್ಲಿಯವರೆಗೆ ಹುಡುಗನ ಕಡೆಯವರು ಯಾರೂ ಬರುವುದಿಲ್ಲ" ಎಂದರು.

ಶಶಿಯ ಮುಖ ಅರಳಿತು. ನನ್ನದು ಅರಳಲಿಲ್ಲ. ಸಾರಿಗೆ ಉಪ್ಪು ಸರಿಯಾಗಿದೆ ಎಂದು ಒಪ್ಪುವುದಕ್ಕೂ ಅರ್ಧ ಗಂಟೆ ವಾದ ಮಾಡುವ ಮನುಷ್ಯ ಇಷ್ಟು ಬೇಗ ಒಪ್ಪಿದ್ದು ಹೇಗೆ?

ಮೊನ್ನೆ ಮಂಗಳವಾರ ಉತ್ತರ ಸಿಕ್ಕಿತು. ಅಂಗಳದಲ್ಲಿ ಅತ್ತೆ ನಮ್ಮವರ ಹತ್ತಿರ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು. ನನ್ನನ್ನು ಕಂಡು "ತೆಂಗಿನ ಮರಕ್ಕೆ ಜನ ಹೇಳಬೇಕು" ಎಂದು ಮಾತು ಬದಲಿಸಿದರು. ಆದರೆ ಅದಕ್ಕೂ ಮೊದಲಿನ ಒಂದು ಮಾತು ನನ್ನ ಕಿವಿಗೆ ಬಿದ್ದಾಗಿತ್ತು. "ಭಾನುವಾರ ಬೆಳಿಗ್ಗೆಗೆ ಅಣ್ಣನಿಗೆ ಟ್ಯಾಕ್ಸಿ ಸಿಕ್ಕಿತಂತೆ."

ಟ್ಯಾಕ್ಸಿ! ಅದರಲ್ಲೂ ಎಕ್ಸ್ ಉಂಟು.

ಮಾವ ಶಿರ್ವದ ದಾರಿಯ ಬಸ್ಸಿನಲ್ಲೇ ಬರುವವರು. ಮಂಡಿ ಮಡಚಲಾಗದಿದ್ದರೂ ಬಸ್ಸೇ. ಒಬ್ಬರಿಗೇ ಟ್ಯಾಕ್ಸಿ ಮಾಡುವ ಮನುಷ್ಯರಲ್ಲ. ಮತ್ತೆ ಪರೀಕ್ಷೆಯ ದಿನವೇ ಜೊತೆಗೆ ಬರುವವರು ಯಾರು? ಕಪಾಟು ತೆರೆದು ನೋಡಿದೆ. ಚಿನ್ನದ ಗೆರೆಯ ಕಪ್ಪುಗಳು ಮತ್ತೆ ಫಳಫಳ ಹೊಳೆಯುತ್ತಿದ್ದವು.

ಶಶಿಗೆ ಇನ್ನೂ ಹೇಳಿಲ್ಲ. ಪಾಪ, ಮೇಜಿನ ಮೇಲೆ ಟಕಟಕ ನಡೆದೇ ಇದೆ. ಉಂಗುರದ ಬೆರಳು ಈಗ ಹೇಳಿದ ಮಾತು ಕೇಳುತ್ತದಂತೆ. ಮನೆಯಲ್ಲಿ ಜಗಳ ಎಬ್ಬಿಸಿ ಆ ಬೆರಳು ನಡುಗಿಸುವುದು ನನಗೆ ಬೇಡ. ಹಾಗಾಗಿ ಇಲ್ಲಿ ಬರೆದಿದ್ದೇನೆ. ಈ ಪತ್ರಿಕೆ ಶನಿವಾರ ನಮ್ಮ ಮನೆಗೂ ಬರುತ್ತದೆ, ಕಾರ್ಕಳಕ್ಕೂ ಹೋಗುತ್ತದೆ. ಮಾವ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುವವರು.

ಮಾವ, ನಾಳೆ ಬೆಳಿಗ್ಗೆ ಬರುವ ಆ ಟ್ಯಾಕ್ಸಿ ಶಶಿಯನ್ನು ಉಡುಪಿಗೆ ಪರೀಕ್ಷೆಗೆ ಕರೆದುಕೊಂಡು ಹೋಗಲಿಕ್ಕೇ ತಾನೆ?