ಒಂದೇ ಖಾತೆಗೆ ಹಾಕಿದರೆ ಒಂದೇ ಚಾರ್ಜು

ಹೇಳಿದ ದಿನಕ್ಕೆ ಬ್ಲೌಸ್ ಕೊಡದ ಟೇಲರ್ ಮೇಲೆ ಸಿಟ್ಟು ಬರದ ಹೆಂಗಸು ಯಾರಾದರೂ ಇದ್ದರೆ ನನಗೆ ತೋರಿಸಿ. ನಾನಂತೂ ಅಂಥವಳಲ್ಲ.

ಅಕ್ಕನ ಮಗಳ ಮದುವೆ ತಲೆ ಮೇಲಿತ್ತು. ಫೋನ್ ಮಾಡಿದರೆ ಎತ್ತುತ್ತಿಲ್ಲ. ಲಿಂಗಸುಗೂರಿನಿಂದ ಮಸ್ಕಿಗೆ ಬಸ್ಸು, ಮಸ್ಕಿಯಿಂದ ಪಾಮನಕಲ್ಲೂರಿಗೆ ಆಟೋ ಹಿಡಿದೆ. (ಬ್ಲೌಸ್ ಹೊಲಿಸಲು ಅಷ್ಟು ದೂರ ಯಾಕೆ ಅಂತ ಕೇಳಬೇಡಿ. ಅದು ನನ್ನ ತವರೂರು. ನನ್ನ ತೋಳಿನ ಅಳತೆ ಆ ಊರಿನ ಟೇಲರ್ ಬಿಟ್ಟರೆ ಇನ್ನೊಬ್ಬರಿಗೆ ಸಿಕ್ಕಿಲ್ಲ.) ದಾರಿಯುದ್ದಕ್ಕೂ ಬೈಗುಳ ಹೊಂದಿಸಿಕೊಂಡೇ ಹೋದೆ.

ಟೇಲರ್ ಬಸಲಿಂಗಮ್ಮ ಹೊಲಿಗೆ ಮಷಿನ್ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿದ್ದಳು. ನನ್ನನ್ನು ನೋಡಿ ಗಡಬಡಿಸಿ ಎದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಬೈಯಲು ಬಂದವಳು ಅವಳ ಪಕ್ಕದಲ್ಲಿ ಕೂತೆ.

“ಏನಾಗೇತಬೇ ನಿನಗ?”

“ಮುಟ್ಟು ನಿಲ್ಲವಲ್ದು ಅಕ್ಕಾರ. ಎರಡು ತಿಂಗಳಾತು. ಮಷಿನ್ ತುಳಿಯಾಕ ಕುಂತ್ರ ಕಣ್ಣಿಗೆ ಕತ್ತಲಿ ಬರ್ತೈತ್ರಿ.”

ಸಿಂಧನೂರಿನ ಡಾಕ್ಟರಮ್ಮನಿಗೆ ತೋರಿಸಿದ್ದಾಳಂತೆ. ತಡ ಮಾಡಬೇಡ, ಸ್ಕ್ಯಾನ್ ಮಾಡಿಸಿಕೊಂಡು ಬಾ ಅಂದರಂತೆ. ಮಾಡಿಸಿದೆಯಾ ಅಂದೆ. ಇಲ್ಲ ಎಂದು ತಲೆ ಅಲ್ಲಾಡಿಸಿದಳು.

“ರೊಕ್ಕ ಭಾವನ ಕಡೆ ಐತ್ರಿ.”

ಇದೊಂದು ಮಾತು ಅರ್ಥವಾಗಬೇಕಾದರೆ ಅವಳ ಮನೆಯ ಕಥೆ ಸ್ವಲ್ಪ ಹೇಳಬೇಕು. ಗಂಡ ಅಮರೇಶ ಸೌದಿಯಲ್ಲಿ ಟೈಲ್ಸ್ ಕೂಡಿಸುವ ಕೆಲಸಕ್ಕೆ ಹೋಗಿದ್ದಾನೆ. ಪಗಾರ ಆದ ಕೂಡಲೇ ಅಷ್ಟೂ ರೊಕ್ಕ ಅವನ ಅಣ್ಣ ಶರಣಪ್ಪನ ಖಾತೆಗೆ ಬರುತ್ತದೆ. ಊರ ನಡುವೆ ಶರಣಪ್ಪನ ಕಿರಾಣಿ ಅಂಗಡಿ. ಬಸಲಿಂಗಮ್ಮನಿಗೆ ಏನು ಬೇಕಾದರೂ ಅಲ್ಲಿ ಹೋಗಿ ಕೇಳಬೇಕು. ಕೇಳಿದರೆ ಅವನು “ಯಾಕ ಬೇಕವ್ವಾ?” ಅನ್ನುತ್ತಾನೆ. ಅಂಗಡಿ ಕಟ್ಟೆ ಮೇಲೆ ಯಾವಾಗಲೂ ಊರ ಗಂಡಸರು ಕೂತಿರುತ್ತಾರೆ. ಅವಳು ಹೊಟ್ಟೆನೋವು ಅಂದಿದ್ದಾಳೆ. ಅವನು ಡಬ್ಬಿಯಿಂದ ಹೊಟ್ಟೆನೋವಿನ ಗುಳಿಗೆ ತೆಗೆದುಕೊಟ್ಟಿದ್ದಾನೆ.

ಬ್ಲೌಸ್ ಹೊಲಿದ ದುಡ್ಡು? ಅದು ತರಕಾರಿಗೆ, ಗ್ಯಾಸಿಗೆ, ಮಗಳ ಪೆನ್ನಿಗೆ ಹೋಗುತ್ತದೆ.

ನಾನು ಪರ್ಸ್ ತೆಗೆದೆ. ಅವಳ ಕಣ್ಣು ಕೆಂಪಾಯಿತು.

“ಇಡ್ರಿ ಒಳಗ. ನನ್ನ ಗಂಡ ಬಿಸಿಲಾಗ ಕುಂತು ದುಡ್ಯಾಕತ್ತಾನ. ನಾ ಯಾಕ ಮಂದಿ ಮುಂದ ಕೈ ಒಡ್ಡಲಿ?”

ಭಾವನ ಮುಂದೆ ಒಡ್ಡುತ್ತೀಯಲ್ಲ ಅನ್ನಬೇಕೆಂದುಕೊಂಡೆ. ಇಬ್ಬರೂ ಎದ್ದು ಅಂಗಡಿಗೆ ಹೋದೆವು.

ಶರಣಪ್ಪ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನ್ನ ಕೆಲಸ ಸುಲಭವಿತ್ತು, ಒಂದು ಜಗಳ ತೆಗೆದು ಬರುತ್ತಿದ್ದೆ. ಹಣೆ ತುಂಬ ವಿಭೂತಿ, ತಮ್ಮನ ಒಂದು ರೂಪಾಯಿ ಮುಟ್ಟದ ಮನುಷ್ಯ. ನನಗೆ ಕುರ್ಚಿ ಹಾಕಿಸಿದ, ಚಹಾ ತರಿಸಿದ. ಬಸಲಿಂಗಮ್ಮ ನಿಂತೇ ಇದ್ದಳು.

“ರೊಕ್ಕ ಬೇಕಿತ್ರಿ ಭಾವ.”

“ಕೊಡೂಣಂತ. ಯಾಕ ಅಂತ ಹೇಳಬೇಕಲ್ಲವ್ವಾ? ನಾಳೆ ತಮ್ಮ ಕೇಳಿದ್ರ ನಾ ಏನ್ ಜವಾಬು ಕೊಡ್ಲಿ?”

“ದವಾಖಾನಿಗ್ರಿ.”

“ಮೊನ್ನೆ ಗುಳಿಗಿ ಕೊಟ್ಟಿದ್ನಲ್ಲ?”

ಕಟ್ಟೆ ಮೇಲಿನ ಗಂಡಸರು ಇತ್ತ ತಿರುಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬಸಲಿಂಗಮ್ಮನೇ ಸೆರಗು ಸರಿ ಮಾಡಿಕೊಂಡು ಅಂದಳು. “ಮುಟ್ಟು ನಿಂತಿಲ್ರಿ ಭಾವ. ಎರಡು ತಿಂಗಳಿಂದ ರಕ್ತ ಹೋಗಾಕತ್ತೈತಿ. ಸಾಕೇನ್ರಿ, ಇನ್ನೂ ಬಿಡಿಸಿ ಹೇಳ್ಲಾ?”

ಶರಣಪ್ಪ ತಲೆ ತಗ್ಗಿಸಿ ಗಲ್ಲಾಪೆಟ್ಟಿಗೆಯಿಂದ ನೋಟು ತೆಗೆದು ತಕ್ಕಡಿ ಪಕ್ಕದಲ್ಲಿಟ್ಟ. ಆ ಮನುಷ್ಯನಿಗೂ ನಾಚಿಕೆಯಾಗಿತ್ತು ಪಾಪ. ಆದರೆ ಅವನ ನಾಚಿಕೆ ಸಂಜೆಗೆ ಕಳೆದುಹೋಗುತ್ತದೆ. ಇವಳು ನಾಳೆಯೂ ಅದೇ ಕಟ್ಟೆ ಮುಂದೆ ಹಾದು ನೀರಿಗೆ ಹೋಗಬೇಕು.

ಸಿಂಧನೂರಿನಲ್ಲಿ ಸ್ಕ್ಯಾನ್ ಆಯಿತು. ಗರ್ಭಕೋಶದಲ್ಲಿ ಗಡ್ಡೆ. ಸದ್ಯಕ್ಕೆ ಔಷಧ ಕೊಡುತ್ತೇನೆ, ಆದರೆ ಆಪರೇಷನ್ ಮಾಡಲೇಬೇಕು, ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ಡಾಕ್ಟರಮ್ಮ ಗದರಿದರು. ಏನು ಮಾಡುತ್ತಿದ್ದಳು? ಗುಳಿಗೆ ನುಂಗುತ್ತಿದ್ದಳು.

ಹೊರಗೆ ಬಂದು ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ಅವಳು ಒಂದೇ ಮಾತು ಹೇಳಿದಳು. “ಆಪರೇಷನ್ ರೊಕ್ಕ ಕೇಳಾಕ ಆ ಅಂಗಡಿ ಮೆಟ್ಲಾ ನಾ ಮತ್ತ ಹತ್ತಂಗಿಲ್ಲ ಅಕ್ಕಾರ. ಸತ್ರ ಸಾಯ್ತೀನಿ.”

ತಮಾಷೆಗೆ ಹೇಳಿದ್ದಲ್ಲ. ಅವಳ ಮುಖ ನೋಡಿದ ನನಗೆ ಗೊತ್ತು.

ಶುಕ್ರವಾರ ಅಮರೇಶನಿಗೆ ರಜೆ. ಮತ್ತೆ ಪಾಮನಕಲ್ಲೂರಿಗೆ ಹೋಗಿ, ಅವಳ ಪಕ್ಕದಲ್ಲೇ ಕೂತು ವಿಡಿಯೋ ಕಾಲ್ ಮಾಡಿಸಿದೆ. ಅವನ ಹಿಂದೆ ಒಂದರ ಮೇಲೊಂದು ಮಂಚ, ಮಂಚದ ಕಂಬಿಗೆ ಒಣಗಲು ಹಾಕಿದ ಬನಿಯನ್ನು. ಹೆಂಡತಿ ಖಾತೆಗೆ ಯಾಕಪ್ಪಾ ಹಾಕುವುದಿಲ್ಲ, ಅವಳಿಗೂ ಖಾತೆ ಇದೆಯಲ್ಲ ಅಂದೆ. (ಇದೆ. ಉದ್ಯೋಗ ಖಾತ್ರಿ ಕೂಲಿ ಬೀಳುತ್ತಿದ್ದ ಖಾತೆ. ಸರ್ಕಾರಕ್ಕೆ ಗೊತ್ತಿರುವ ನಂಬರು ಗಂಡನಿಗೆ ಗೊತ್ತಿಲ್ಲ.)

“ಅಕ್ಕಾರ, ನಿಮಗ ಇಲ್ಲಿ ಹಕೀಕತ್ ಗೊತ್ತಿಲ್ರಿ. ರೊಕ್ಕ ಕಳಸೂ ಒಂದು ಆ್ಯಪ್‌ನವ್ರು ಚಾರ್ಜ್ ಇಲ್ಲ ಅಂತಾರ, ರಿಯಾಲ್ ರೇಟಿನ್ಯಾಗ ಹೊಡಿತಾರ. ಇನ್ನೊಂದರಾಗ ರೇಟ್ ಚಲೋ, ಚಾರ್ಜ್ ಬಾಳ. ನಾ ಅವ್ರ ಮಾತ ಕೇಳಂಗಿಲ್ಲ. ಕಡೀಕ ಕೈಗೆ ಎಷ್ಟು ಮುಟ್ಟತೈತಿ ಅನ್ನೂದೊಂದ ನೋಡ್ತೀನಿ. ಎಲ್ಲಾ ಒಂದ ಸಲ, ಒಂದ ಖಾತೆಗೆ ಹಾಕಿದ್ರ ಒಂದ ಚಾರ್ಜು. ಎರಡು ಕಡೆ ಹಾಕಿದ್ರ ಎರಡು ಬೀಳತೈತ್ರಿ.”

“ಯಾರ ಕೈಗಪ್ಪಾ?”

“ಅಣ್ಣನ ಕೈಗ್ರಿ. ಅಣ್ಣ ಅಂದ್ರ ಮನಿ ಅಲ್ರೀ? ಕೇಳಿದ್ರ ಇಲ್ಲ ಅಂತಾನೇನು?”

“ಆ ಎರಡನೇ ಚಾರ್ಜಿಗೆ ಅಲ್ಲಿ ಏನ್ ಬರ್ತೈತಿ?”

ಒಂದು ಚಹಾ, ಒಂದು ಸಮೋಸ ಅನ್ನುತ್ತಾನೆ, ಚೆನ್ನಾಗಿ ಝಾಡಿಸಬೇಕು ಅಂತ ನಾನು ತಯಾರಾಗಿ ಕೂತಿದ್ದೆ. ಅವನು ಬೆರಳು ಮಡಚಿ ಲೆಕ್ಕ ಹಾಕಿದ.

“ಎರಡು ಹೊತ್ತಿನ ಊಟ ಬರ್ತೈತ್ರಿ.”

ಅವನ ಬೆವರಿನಲ್ಲಿ ಕಂಪನಿಗೆ ಪಾಲು, ಆ್ಯಪ್‌ಗೆ ಪಾಲು, ರೇಟ್ ಇಳಿಸುವವನಿಗೆ ಪಾಲು. ಇಲ್ಲಿ ನಮ್ಮ ದೊಡ್ಡವರು ವಿದೇಶದಿಂದ ಬರುವ ಹಣ ದೇಶದ ಹೆಮ್ಮೆ ಎಂದು ಭಾಷಣ ಬಿಗಿಯುತ್ತಾರೆ. ಹೆಮ್ಮೆಯಂತೆ! ದೇಶಕ್ಕೆ ಅಷ್ಟು ಹೆಮ್ಮೆ ಇದ್ದರೆ ಆ ಎರಡು ಊಟದ ಚಾರ್ಜು ದೇಶವೇ ಕಟ್ಟಲಿ ನೋಡೋಣ. ಅವನು ಊಟ ಉಳಿಸಿದ, ಇವಳು ಮಾನ ಕೊಟ್ಟಳು. ಯಾವ ಆ್ಯಪ್‌ನಲ್ಲೂ ಈ ಮಾನದ ರೇಟ್ ತೋರಿಸುವುದಿಲ್ಲ.

ಬಸಲಿಂಗಮ್ಮ ನನ್ನ ಕೈಯಿಂದ ಫೋನ್ ತೆಗೆದುಕೊಂಡಳು. ಎಲ್ಲ ಹೇಳಿದಳು. ರಕ್ತ, ಗಡ್ಡೆ, ಅಂಗಡಿ, ಕಟ್ಟೆ. ಫೋನಿನಲ್ಲಿ ಅವನ ಮುಖ ಬಾಡಿತು.

“ಎರಡು ತಿಂಗಳಾತಾ? ನನಗ ಯಾಕ ಹೇಳಲಿಲ್ಲ?”

“ಹೇಳಿದ್ನಲ್ಲ, ಆರಾಮಿಲ್ಲ ಅಂತ. ಅಣ್ಣನ್ನ ಕೇಳು ಅಂದಿ.”

ಅವನು ಅತ್ತ. ಸುಳ್ಳು ಅಳುವಲ್ಲ. ಈ ಸಲದ ಪಗಾರದಿಂದಲೇ ಆಪರೇಷನ್ ರೊಕ್ಕ ನಿನ್ನ ಖಾತೆಗೇ ಹಾಕುತ್ತೇನೆ, ಮನೆ ಖರ್ಚಿನದು ಅಣ್ಣನಿಗೆ ಹಾಕುತ್ತೇನೆ, ಯಾರನ್ನೂ ಕೇಳಬೇಡ ಅಂದ. ನನಗೆ ಎಷ್ಟು ಸಮಾಧಾನವಾಯಿತು ಅಂದರೆ, ಮದುವೆಗೆ ಹಳೇ ಬ್ಲೌಸ್ ಹಾಕಿಕೊಂಡು ಹೋಗಿ ನಗುನಗುತ್ತಾ ಊಟ ಮಾಡಿ ಬಂದೆ.

ಮೊನ್ನೆ ಅವಳ ಫೋನ್ ಬಂತು. ರೊಕ್ಕ ಬಂದಿದೆ. ಅವಳ ಖಾತೆಗೆ, ಅವಳ ಹೆಸರಿಗೆ. ಆಪರೇಷನ್ನಿಗೆ ದಿನ ನಿಗದಿಯಾಗಿದೆ. ದನಿಯಲ್ಲಿ ಖುಷಿ ಇತ್ತು, ಆದರೆ ಏನೋ ಕಮ್ಮಿ ಇತ್ತು.

“ಹೇಳಿದಷ್ಟು ಬಂದಿಲ್ರಿ ಅಕ್ಕಾರ. ಸ್ವಲ್ಪ ಕಮ್ಮಿ ಐತಿ. ಕೇಳಿದ್ರ, ಎರಡು ಕಡೆ ಹಾಕಿದ್ನಲ್ಲ, ಚಾರ್ಜ್ ಕಟ್ ಆತು ಅಂದ.”

“ಭಾವಗ?”

“ಭಾವಗ ಪೂರ್ತಿ ಹೋಗೇತ್ರಿ. ಎರಡೂ ಚಾರ್ಜ್ ನನ್ನದರಾಗ ಹಿಡದಾನ.”

ಹೆಂಡತಿಯ ನೋವಿಗೆ ನಿಜವಾಗಿ ಅತ್ತ ಗಂಡನೇ ಹೀಗಾದರೆ, ಅಳದವರ ಮನೆಯಲ್ಲಿ ಚಾರ್ಜು ಎಷ್ಟಿರಬಹುದು?