ಆರು, ಎಂಟು ಮತ್ತು ಅಜ್ಜನ ಜೋಕಾಲಿ

ಅರಿಸಿನದ ವಾಸನೆ ಬಂದರೆ ಸಾಕು, ಮಿರಜಿನ ನಮ್ಮ ಮನೆಯ ಪಡಸಾಲೆಯ ಜೋಕಾಲಿ ಕಿರ್ ಎನ್ನುತ್ತ ನನ್ನೊಳಗೆ ತೂಗತೊಡಗುತ್ತದೆ. ಅಜ್ಜ ಸಾಂಗ್ಲಿಯ ಅರಿಸಿನ ಪೇಟೆಯಲ್ಲಿ ಚೀಲ ತೂಗುವವರು. ಎಷ್ಟು ತೊಳೆದರೂ ಅವರ ಉಗುರಿನ ಹಳದಿ ಹೋಗುತ್ತಿರಲಿಲ್ಲ. ಸಂಜೆ ಬಸ್ಸಿಳಿದು ಬಂದು, ನಮ್ಮ ಜೈನರ ಪದ್ಧತಿಯಂತೆ ಹೊತ್ತು ಮುಳುಗುವ ಮೊದಲೇ ಉಂಡು, ಜೋಕಾಲಿಯ ಮೇಲೆ ಕಾಲು ಮಡಚಿ ಕೂತುಬಿಡುತ್ತಿದ್ದರು. ನೂಕುವ ಕೆಲಸ ನನ್ನದು. ಅಂಥ ಸಂಜೆಗಳನ್ನು ಕಳಕೊಂಡವರು ನೀವೂ ಆಗಿದ್ದರೆ, ಹೆಚ್ಚು ಹೇಳಬೇಕಿಲ್ಲ.

ಹನ್ನೆರಡನೆಯ ಇಯತ್ತೆಯ ಪ್ರಯೋಗಶಾಲೆಯಲ್ಲಿ ಒಂದು ರೋಧಕ, ಒಂದು ತಂತಿಸುರುಳಿಯನ್ನು ಸಾಲಾಗಿ ಜೋಡಿಸಿ ಹತ್ತು ವೋಲ್ಟ್ ಎ.ಸಿ. ಕೊಟ್ಟಿದ್ದರು. ಮೀಟರು ರೋಧಕಕ್ಕೆ ಆರು ತೋರಿಸಿತು, ಸುರುಳಿಗೆ ಎಂಟು. ಅಯ್ಯೋ, ಕೂಡಿಸಿದರೆ ಹದಿನಾಲ್ಕು! ನಾನೋ ತೂಕದವರ ಮನೆಯ ಹುಡುಗಿ. ಬಿಡಿ ಚೀಲಗಳ ತೂಕ ಕೂಡಿಸಿದರೆ ಗಾಡಿಯ ತೂಕ ಬರಲೇಬೇಕು. ಹತ್ತಕ್ಕೆ ತಾಳೆಯಾಗಲೆಂದು ಎಂಟನ್ನು ಅಳಿಸಿ ನಾಲ್ಕು ಬರೆದೆ. ಸರ್ ನನ್ನ ಪ್ರಯೋಗದ ಜರ್ನಲ್ಲನ್ನು ಮೇಜಿನ ಮೇಲೆ ಒಗೆದರು. "ಈ ಸುರುಳಿಗೆ ನಾಲ್ಕು ಬರಾಂಗೇ ಇಲ್ಲ. ನಾಳೆ ಖರೇ ಅಂಕಿ, ಅದರ ಕಾರಣ ಎರಡೂ ತೊಗೊಂಡು ಬಾ. ಇಲ್ಲಂದ್ರ ಸಹಿ ಇಲ್ಲ, ಪರೀಕ್ಷಾನೂ ಇಲ್ಲ."

ಅಂದು ಸಂಜೆ ಜೋಕಾಲಿ ನೂಕುತ್ತಲೇ ಅಳುತ್ತ ಅಜ್ಜನಿಗೆ ಎಲ್ಲ ಹೇಳಿದೆ. ನಾಲ್ಕು ಬರೆದ ಸಂಗತಿ ಕೇಳಿದ್ದೇ ಅವರ ಮುಖ ಸಣ್ಣದಾಯಿತು. "ತೂಕದ ಕಾಟಾ ತೋರಿಸಿದ್ದನ್ನ ಬರೀಬೇಕು, ಪೋರಿ. ತಾಳೆ ಆಗ್ಲಿಲ್ಲಂದ್ರ ನಮಗ ತಿಳಿದಿಲ್ಲ ಅಂತ ಅರ್ಥ." ನಾಚಿಕೆಯಿಂದ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆ ಗಲಿಬಿಲಿಯಲ್ಲಿ ಕೈ ತಪ್ಪು ಹೊತ್ತಿಗೆ ಹೋಯಿತು. "ಏ, ಎದುರು ಬರೂ ಮುಂದ ಯಾಕ ನೂಕ್ತಿ? ತುದೀಗೆ ಬಂದು ನಿಂದರ್ತದಲ್ಲ, ಆಗ ನೂಕು!"

ತುದಿಗೆ ಬಂದು ನಿಲ್ಲುತ್ತದೆ. ಅಲ್ಲಿ ಎಳೆತ ಪೂರ್ತಿ, ವೇಗ ಸೊನ್ನೆ. ನಡುವೆ ವೇಗ ಪೂರ್ತಿ, ಎಳೆತ ಸೊನ್ನೆ. ಎರಡೂ ಒಂದೇ ಜೋಕಾಲಿಯವು, ಆದರೆ ಒಂದೇ ಹೊತ್ತಿಗೆ ತುಂಬುವುದಿಲ್ಲ! ಎ.ಸಿ.ಯೂ ಹೀಗೇ ಹಿಂದೆ ಮುಂದೆ ತೂಗುವಂಥದ್ದು; ರೋಧಕದ ಆರು ತುಂಬಿದಾಗ ಸುರುಳಿಯ ಎಂಟು ಖಾಲಿ. ಹಾಗಿದ್ದರೆ ಚೀಲದಂತೆ ಕೂಡಿಸುವುದೆಲ್ಲಿ ಬಂತು? ಪುಸ್ತಕದ ಲಂಬಕೋನ ತ್ರಿಭುಜದ ಚಿತ್ರ ಆಗ ಕಣ್ಣಿಗೆ ಕಟ್ಟಿತು. ಒಂದು ಬದಿ ಆರು, ಇನ್ನೊಂದು ಎಂಟು, ಕರ್ಣ ಸರಿಯಾಗಿ ಹತ್ತು. ಎದೆಯ ಮೇಲಿನ ಕಲ್ಲು ಇಳಿಯಿತು. ನಾಲ್ಕನ್ನು ಹೊಡೆದುಹಾಕಿ ಎಂಟು ಬರೆದು, ಪಕ್ಕದಲ್ಲಿ ಆ ತ್ರಿಭುಜ ಬಿಡಿಸಿದೆ. ಮರುದಿನ ಸಹಿಯಾಯಿತು. ಅಜ್ಜ ಮಾತ್ರ ಕೊನೆಯವರೆಗೂ ಕೇಳುತ್ತಿದ್ದರು: "ಆರೂ ಎಂಟೂ ಹತ್ತು ಹೆಂಗಾಗ್ತದವ್ವಾ?"

ಈಗ ಅಜ್ಜನಿಲ್ಲ. ಮನೆಯಿದ್ದ ಜಾಗದಲ್ಲಿ ಅಂಗಡಿಗಳ ಸಾಲು. ಜೋಕಾಲಿಯ ಹಿತ್ತಾಳೆ ಸರಪಳಿಯ ಒಂದು ಕೊಂಡಿ ಮಾತ್ರ ನನ್ನ ಬಳಿ ಉಳಿದಿದೆ. ಈಗ ನಾನೇ ಭೌತಶಾಸ್ತ್ರದ ಶಿಕ್ಷಕಿ. ಮೊನ್ನೆ ಒಬ್ಬ ವಿದ್ಯಾರ್ಥಿನಿ ಅದೇ ಪ್ರಯೋಗದಲ್ಲಿ ಎಂಟನ್ನು ಅಳಿಸಿ ನಾಲ್ಕು ಬರೆದು ತಂದಳು. ಬೈಯಲು ಬಾಯಿ ಬರಲಿಲ್ಲ. "ನಿಮ್ಮ ಮನ್ಯಾಗ ಜೋಕಾಲಿ ಅದ ಏನ?" ಎಂದೆ. "ಇಲ್ರೀ ಮ್ಯಾಡಮ್" ಎಂದಳು. ಕೊಂಡಿಗೆ ದಾರ ಕಟ್ಟಿ ಇಳಿಬಿಟ್ಟು, ನೂಕು ಎಂದೆ. ಅವಳು ತಪ್ಪು ಹೊತ್ತಿಗೇ ನೂಕಿದಳು.

"ಏ, ಎದುರು ಬರೂ ಮುಂದ ಯಾಕ ನೂಕ್ತಿ?" ಎಂದೆ. ಆ ದನಿ ನನ್ನದಾಗಿರಲಿಲ್ಲ.