ಎಂಟನೆಯ ಫಾರಂನಲ್ಲಿ ಓಡಿದ ಸೋಮು

1952ರಲ್ಲಿ ನಾನು ಚಾಮರಾಜಪೇಟೆಯ ಒಂದು ಪ್ರಕಟಣಾಲಯದಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದೆ. ಜನ ಅದನ್ನು ಪ್ರೂಫ್ ನೋಡುವುದು ಎನ್ನುತ್ತಾರೆ. ಆ ಕುರ್ಚಿಯಲ್ಲಿ ಕೂತು ನಾನು ಕೆಟ್ಟ ಪದ್ಯ ಓದಿದ್ದೇನೆ, ಕದ್ದ ಕಾದಂಬರಿ ಓದಿದ್ದೇನೆ, ಹೊಗಳುಭಟರ ಅಭಿನಂದನಾ ಗ್ರಂಥಗಳನ್ನು ಓದಿ ಓದಿ ಕಣ್ಣು ಹಾಳುಮಾಡಿಕೊಂಡಿದ್ದೇನೆ. ಆದರೆ ಓದಿದ ಮೇಲೆ ಕೈ ತೊಳೆದುಕೊಳ್ಳಬೇಕು ಅನ್ನಿಸಿದ್ದು ಒಂದೇ ಸಲ. ಆ ಪುಸ್ತಕ ದೊಡ್ಡವರಿಗಾಗಿ ಬರೆದದ್ದಲ್ಲ, ಮಕ್ಕಳಿಗಾಗಿ ಬರೆದದ್ದು. ಥೂ, ಇವತ್ತಿಗೂ ನೆನೆದರೆ ಬಾಯಿ ಕಹಿಯಾಗುತ್ತದೆ.

ಮೊದಲು ನಮ್ಮ ಅಚ್ಚುಕೂಟದ ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಕ್ಷರಗಳೆಲ್ಲ ಸೀಸದ ಮೊಳೆಗಳು. ಒಂದೊಂದೇ ಮೊಳೆ ಆರಿಸಿ ಸಾಲು ಕಟ್ಟಬೇಕು. ಇಡೀ ಪುಸ್ತಕ ಒಟ್ಟಿಗೆ ಜೋಡಿಸುವಷ್ಟು ಮೊಳೆ ನಮ್ಮಲ್ಲಿರಲಿಲ್ಲ. ಹಾಗಾಗಿ ಹದಿನಾರು ಪುಟ ಜೋಡಿಸಿ, ನಾನು ಓದಿ ತಿದ್ದಿ ‘ಅಚ್ಚಾಗಲಿ’ ಎಂದು ರುಜು ಹಾಕಿದ ಮೇಲೆ ಅಚ್ಚು ಹಾಕುತ್ತಿದ್ದರು. ಆ ಹದಿನಾರು ಪುಟಕ್ಕೆ ಒಂದು ಫಾರಂ ಎಂದು ಹೆಸರು. ಅಚ್ಚಾದೊಡನೆ ಮೊಳೆಗಳನ್ನು ಬಿಚ್ಚಿ ಮುಂದಿನ ಫಾರಂಗೆ ಬಳಸುವುದು. ಬಿಚ್ಚಿದ ಮೇಲೆ ಹಿಂದಿನ ಪುಟಗಳಲ್ಲಿ ಒಂದು ಕೊಂಬನ್ನೂ ಬದಲಾಯಿಸುವಂತಿಲ್ಲ, ಅಚ್ಚಾದದ್ದು ಅಚ್ಚಾದಂತೆಯೇ.

ಹಿಂದಿನ ವರ್ಷ ಮಲ್ಲೇಶ್ವರದ ಹೆಣ್ಣುಮಕ್ಕಳ ಶಾಲೆಯೊಂದರ ಉಪಾಧ್ಯಾಯಿನಿ ಪುಟ್ಟಗೌರಮ್ಮ ಎಂಬವರು ಒಂದು ಹಸ್ತಪ್ರತಿ ತಂದಿದ್ದರು. ಮೂವತ್ತರ ಆಸುಪಾಸಿನ ಹೆಂಗಸು. ಮಾತು ಕಡಿಮೆ, ಇದ್ದದ್ದು ನೇರ. ಮಕ್ಕಳಿಗಾಗಿ ಮೂರು ಸಣ್ಣ ಕಾದಂಬರಿಗಳ ಮಾಲೆ ಬರೆಯುವ ಯೋಚನೆ ಅವರದು. ವಿಷಯ ಕೇಳಿ ನನಗೆ ಮೈಮೇಲೆ ಚೇಳು ಹರಿದಂತಾಯಿತು.

ನಲವತ್ತೇಳರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ನಮ್ಮ ಮೈಸೂರು ಸಂಸ್ಥಾನದಲ್ಲಿ ಜನರ ಸರ್ಕಾರ ಬೇಕೆಂದು ಚಳವಳಿ ನಡೆಯಿತಲ್ಲ, ಅದು ಗೆದ್ದದ್ದು ಎಲ್ಲರಿಗೂ ಗೊತ್ತು. ಪುಟ್ಟಗೌರಮ್ಮನವರ ಕಥೆಯಲ್ಲಿ ಅದು ಸೋತಿತ್ತು! ಮುಖಂಡರು ಹೆದರಿ ಮೆರವಣಿಗೆಯನ್ನು ಅರ್ಧ ದಾರಿಯಲ್ಲೇ ನಿಲ್ಲಿಸಿಬಿಡುತ್ತಾರೆ. ಜನ ಮನೆಗೆ ಮರಳುತ್ತಾರೆ. ಸಂಸ್ಥಾನ ಬೇರೆ ದೇಶವಾಗಿಯೇ ಉಳಿಯುತ್ತದೆ. ಮದರಾಸಿಗೆ ಹೋಗಲು ಪರ್ಮಿಟ್ ಬೇಕು, ತ್ರಿವರ್ಣ ಬಾವುಟ ಇಟ್ಟುಕೊಂಡರೆ ಜೈಲು. ಅಂಥ ಬೆಂಗಳೂರಿನಲ್ಲಿ ಸೋಮು ಎಂಬ ಕುಂಟ ಯುವಕ ಸೈಕಲ್ ಅಂಗಡಿ ಇಟ್ಟುಕೊಂಡಿದ್ದಾನೆ. ಕಾಲೇಜಿನಿಂದ ಹೊರಹಾಕಿಸಿಕೊಂಡವನು. ಕೇರಿಯ ಮಕ್ಕಳು ಅವನ ಅಂಗಡಿಯಲ್ಲಿ ಕರಪತ್ರಗಳನ್ನು ಸೈಕಲ್ ಟ್ಯೂಬಿನೊಳಗೆ ಬಚ್ಚಿಟ್ಟು ಊರೆಲ್ಲ ಹಂಚುತ್ತಾರೆ. ಪ್ರತಿ ಪುಸ್ತಕದ ಕೊನೆಯಲ್ಲೂ ಸೋಮು ಅಂಗಡಿಯ ಹಲಗೆ ಮುಚ್ಚುತ್ತ ಮಕ್ಕಳಿಗೆ ಅದೇ ಮಾತು ಹೇಳುತ್ತಾನೆ: “ನಾಳೆ ಬನ್ರೋ.”

“ಗೆದ್ದದ್ದನ್ನ ಯಾಕಮ್ಮ ಸೋಲಿಸಿದ್ರಿ?” ಎಂದು ಕೇಳಿದೆ.

“ಸೋಮು ನನ್ನ ತಮ್ಮ” ಎಂದರು. “ಆ ಮೆರವಣಿಗೇಲಿದ್ದ. ಲಾಠಿ ತಲೆ ಮೇಲೆ ಬಿತ್ತು. ಆಸ್ಪತ್ರೇಲಿ ಹೋಗ್ಬಿಟ್ಟ. ಮುಖಂಡ್ರು ಹೆದರ್ಕೊಂಡು ವಾಪಸ್ ಹೋಗಿ ಅಂದಿದ್ರೆ ಇವನೂ ವಾಪಸ್ ಬರ್ತಿದ್ದ. ಚಳವಳಿ ಸೋಲ್ತಿತ್ತು. ನಮ್ಮನೇಲಿ ಸೋಮು ಇರ್ತಿದ್ದ. ಗೆದ್ದಿದ್ದು ನನಗೂ ಸಂತೋಷವೇ ರಾಯರೇ. ಆದ್ರೆ ಒಂದು ಪುಸ್ತಕದಲ್ಲಾದ್ರೂ ಅವನು ಬದುಕಿರ್ಲಿ. ನಾನು ಲಾಠಿನ ತಲೆಯಿಂದ ಮಂಡಿಗೆ ಇಳಿಸಿದೀನಿ, ಅಷ್ಟೇ.”

ಅದಕ್ಕೇ ಕಥೆಯ ಸೋಮು ಕುಂಟ. ಬಲಗಾಲಿನ ಮಂಡಿ ಮಡಿಸಲು ಬಾರದು. ಕೋಲೂರಿಕೊಂಡೇ ನಡೆಯಬೇಕು. ಮೊದಲ ಪುಸ್ತಕದ ಮೊದಲ ಪುಟದಲ್ಲೇ ಅದು ಬರುತ್ತದೆ. ಆಮೇಲೆ ಹತ್ತು ಪುಟಕ್ಕೊಮ್ಮೆಯಾದರೂ ಆ ಕೋಲಿನ ಸದ್ದು ಕೇಳಿಸುತ್ತಲೇ ಇರುತ್ತದೆ.

ಮೊದಲ ಎರಡು ಪುಸ್ತಕಗಳೂ ಮಕ್ಕಳ ಕೈಗೆ ಸಿಕ್ಕಿದ್ದೇ ತಡ, ಬಿಸಿ ಬೋಂಡದಂತೆ ಖರ್ಚಾದವು. ನಮ್ಮ ಬೀದಿಯ ಹುಡುಗರು “ಪರ್ಮಿಟ್ ಎಲ್ಲೋ?” ಎಂದು ಒಬ್ಬರನ್ನೊಬ್ಬರು ತಡೆಯುವ ಆಟ ಕಟ್ಟಿದ್ದರು. ಸೋಮು ಆಗುವವನು ಒಂದು ಕಾಲು ನೆಟ್ಟಗೆ ಇಟ್ಟುಕೊಂಡೇ ಆಡಬೇಕು, ಮಡಿಸಿದರೆ ಔಟು. ನಾನು ಕಿಟಕಿಯಿಂದ ನೋಡಿ ನಗುತ್ತಿದ್ದೆ.

ನಮ್ಮ ಮಾಲೀಕರು ಬಸಪ್ಪನವರು ಚಿಕ್ಕಪೇಟೆಯ ಬಟ್ಟೆ ವ್ಯಾಪಾರದ ಮನೆತನದಿಂದ ಬಂದವರು. ಕೆಟ್ಟ ಮನುಷ್ಯರಲ್ಲ, ಆದರೆ ಪುಸ್ತಕವನ್ನು ಥಾನಿನ ಹಾಗೆ ಅಂಚು ನೋಡಿ ಬೆಲೆ ಕಟ್ಟುವವರು. ಮೂರನೆಯ ಪುಸ್ತಕ ಏಳು ಫಾರಂ ಅಚ್ಚಾಗಿ ಎಂಟನೆಯದು, ಎಂದರೆ ಕೊನೆಯದು, ಮೊಳೆಯಲ್ಲಿ ನಿಂತಿದ್ದಾಗ ಅವರಿಗೊಂದು ಆಸೆ ಹುಟ್ಟಿತು. ಶಾಲಾ ಪುಸ್ತಕಭಂಡಾರಗಳಿಗೆ ಪುಸ್ತಕ ಆರಿಸುವ ಒಂದು ಸಮಿತಿ ಇತ್ತು. ಅದರ ಸದಸ್ಯರೊಬ್ಬರು ಬಸವನಗುಡಿಯಲ್ಲಿದ್ದರು. ಅವರು ತಲೆಯಾಡಿಸಿದರೆ ಮೂರೂ ಪುಸ್ತಕ ಪಟ್ಟಿಗೆ ಸೇರುತ್ತವೆ. ನನ್ನನ್ನೂ ಕರೆದುಕೊಂಡು, ಕೊನೆಯ ಫಾರಂನ ಪ್ರೂಫ್ ಹಿಡಿದುಕೊಂಡು ಹೊರಟರು.

ಆ ಮಹಾನುಭಾವರ ಹೆಸರು ನನ್ನ ಬಾಯಲ್ಲಿ ಬರುವುದು ಬೇಡ. ಗರಿಗರಿ ಖಾದಿ ಜುಬ್ಬ. ಗೋಡೆಯ ತುಂಬ ತಮ್ಮದೇ ಫೋಟೋಗಳು, ಪ್ರತಿಯೊಂದರಲ್ಲೂ ಕೊರಳಿಗೆ ಹಾರ. ಎದುರಿಗೆ ತಟ್ಟೆಯಲ್ಲಿ ಕೇಸರಿಭಾತು. ಅದನ್ನು ತಿನ್ನುತ್ತಲೇ ಕೊನೆಯ ಎರಡು ಹಾಳೆ ತಿರುವಿದರು. ತುಪ್ಪದ ಬೆರಳು ಹಾಳೆಗೆ ಅಂಟಿತು.

“ಸೋಲಾ? ಮಕ್ಕಳಿಗೆ ಸೋಲು ಹೇಳ್ಕೊಡ್ತೀರಾ?” ಎಂದರು. “ಕೊನೇಲಿ ಚಳವಳಿ ಮತ್ತೆ ಎದ್ದು ಗೆಲ್ಬೇಕು ಬಸಪ್ಪನೋರೇ. ಮತ್ತೆ ಈ ಸೋಮು ಬದುಕಿರೋದೇ ತೊಂದ್ರೆ. ಬಾವುಟ ಹಿಡ್ಕೊಂಡು ಪ್ರಾಣ ಬಿಡ್ಲಿ. ಆಗ ನೋಡಿ ಪುಸ್ತಕಕ್ಕೊಂದು ಕಳೆ ಬರುತ್ತೆ.”

ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದುವರಿಸಿದರು. “ಆಮೇಲೆ ಖಾದಿ ತೊಟ್ಟ ಹಿರಿಯ ನಾಯಕರೊಬ್ರು ಬರ್ತಾರೆ. ಶವಕ್ಕೆ ಹಾರ ಹಾಕಿ ಭಾಷಣ ಮಾಡ್ತಾರೆ. ನಾಯಕರಿಗೆ ದಪ್ಪ ಕನ್ನಡಕ ಇರ್ಲಿ, ಕಪ್ಪು ಫ್ರೇಮಿಂದು.”

ದಪ್ಪ ಕನ್ನಡಕ, ಕಪ್ಪು ಫ್ರೇಮು ಅವರ ಮೂಗಿನ ಮೇಲೆಯೇ ಇತ್ತು. ಇಂಥವರನ್ನು ನೋಡಿಯೇ ನಮ್ಮಜ್ಜಿ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಿದ್ದಳು. ಈ ಪೂಜಾರಿಗೆ ವರ ತಡೆದರೆ ಸಾಲದು, ಹೆಣವೂ ಬೇಕಿತ್ತು. “ಸ್ವಾಮಿ, ಸೋಮು ಅನ್ನೋನು ಲೇಖಕಿಯ ಸ್ವಂತ ತಮ್ಮ. ನಲವತ್ತೇಳರಲ್ಲಿ ನಿಜವಾಗ್ಲೂ ತೀರ್ಕೊಂಡ. ಈ ಪುಸ್ತಕದಲ್ಲಿ ಅವನನ್ನ ಉಳಿಸ್ಕೊಂಡಿದಾರೆ” ಎಂದೆ.

ಅವರ ಮುಖ ಅರಳಿತು. ನಾಚಿಕೆಯಿಂದ ತಗ್ಗುತ್ತದೆ ಎಂದುಕೊಂಡಿದ್ದ ಮುಖ, ಅರಳಿತು! “ಹೌದಾ? ಇನ್ನೂ ಒಳ್ಳೇದಾಯ್ತಲ್ಲ! ನಿಜವಾದ ಹುತಾತ್ಮ ಅಂತ ಮುನ್ನುಡೀಲಿ ಹಾಕ್ಬಹುದು. ಮುನ್ನುಡಿ ನಾನೇ ಬರ್ಕೊಡ್ತೀನಿ.” ಒಳಗೆ ತಿರುಗಿ, “ಇವರಿಗೂ ಒಂದು ತಟ್ಟೆ ಕೇಸರಿಭಾತು ತನ್ನಿ” ಎಂದು ಕೂಗಿದರು. ನಾನು ತಟ್ಟೆ ಮುಟ್ಟದೆ ಎದ್ದು ಬಂದೆ.

ಮರುದಿನ ಬಸಪ್ಪನವರು ಪುಟ್ಟಗೌರಮ್ಮನವರನ್ನು ಕರೆಸಿದರು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಧೋರಣೆಯಲ್ಲಿ ಸುತ್ತಿ ಬಳಸಿ ಹೇಳಿದರು: ಪಟ್ಟಿಗೆ ಸೇರಿದರೆ ಸಾವಿರಾರು ಮಕ್ಕಳು ಓದುತ್ತಾರೆ, ತಮ್ಮನ ಹೆಸರು ನಾಡಿಗೆಲ್ಲ ಹರಡುತ್ತದೆ, ಕೊನೆಯ ಹದಿನಾರು ಪುಟ ಮಾತ್ರ ಬದಲಾಯಿಸಿಕೊಡಿ. ಆಕೆ ಕೊನೆಯವರೆಗೂ ಕೇಳಿಸಿಕೊಂಡರು.

“ಅಂದ್ರೆ ನಾನೇ ಅವನ ತಲೆ ಮೇಲೆ ಲಾಠಿ ಹಾಕ್ಬೇಕು, ಹೌದಾ?”

“ಛೆ ಛೆ, ಹಂಗನ್ಬೇಡಿ ತಾಯಿ. ಅವರಿಗೆ ಗೌರವ ಸಲ್ಸೋದು. ನಾಯಕರು ಬಂದು ಹಾರ ಹಾಕ್ತಾರೆ.”

“ಹಾರ!” ಎಂದು ಆಕೆ ಎದ್ದು ನಿಂತರು. “ಅವತ್ತು ಆಸ್ಪತ್ರೆ ಬಾಗ್ಲಲ್ಲಿ ನಾನೂ ನಮ್ಮಮ್ಮನೂ ಬೆಳಗ್ಗೆಯಿಂದ ನಿಂತಿದ್ವಿ. ಹೆಣ ಕೊಡಿ ಅಂತ ಕೈ ಮುಗೀತಿದ್ವಿ. ಒಬ್ಬ ನಾಯಕ ಆ ಬೀದೀಲಿ ಕಾಣ್ಲಿಲ್ಲ. ಒಂದ್ಸಲ ಸತ್ತಿದ್ದು ಸಾಲ್ದಾ ನಿಮಗೆ? ನನಗೆ ಪಟ್ಟಿ ಬೇಡ, ಏನೂ ಬೇಡ. ಪುಸ್ತಕ ವಾಪಸ್ ಕೊಟ್ಬಿಡಿ.”

ಕೊಡಲಾಗುವುದಿಲ್ಲ ಎಂದರು ಬಸಪ್ಪನವರು. ಮೂರೂ ಪುಸ್ತಕಗಳ ಹಕ್ಕನ್ನು ಆಕೆ ಮೊದಲೇ ಬರೆದುಕೊಟ್ಟಿದ್ದರು. ಆ ಕಾಲದ ಲೇಖಕರು ಎಲ್ಲರೂ ಹಾಗೇ ಬರೆದುಕೊಡುತ್ತಿದ್ದರು, ಓದಿ ನೋಡುತ್ತಲೂ ಇರಲಿಲ್ಲ. ಹೆಸರಾದರೂ ತೆಗೆಯಿರಿ ಎಂದು ಬೇಡಿದರು. ಹೆಸರಿಲ್ಲದೆ ಮಕ್ಕಳು ಕೊಳ್ಳುವುದಿಲ್ಲ ಎಂಬ ಉತ್ತರ ಬಂತು. ಆಕೆ ಅಳಲಿಲ್ಲ. ನನ್ನ ಕಡೆ ಒಮ್ಮೆ ನೋಡಿ ಛತ್ರಿ ಎತ್ತಿಕೊಂಡು ಹೊರಟುಹೋದರು.

ಆ ಹದಿನಾರು ಪುಟ ನೀವೇ ಬರೆಯಿರಿ ಎಂದು ಬಸಪ್ಪನವರು ನನಗೆ ಹೇಳಿದರು. ನಾನು ನನ್ನ ಕೈ ಕೊಳೆಯಾಗುವುದು ಬೇಡ ಎಂದು ಅವರ ಮುಖಕ್ಕೇ ಹೇಳಿದೆ. ಜಾಹೀರಾತು, ಹರಸುವ ಪದ್ಯ, ಮಾತ್ರೆಯ ಗುಣಗಾನ ಎಲ್ಲವನ್ನೂ ಒಂದೇ ಕೈಯಲ್ಲಿ ಬರೆಯುವ ಒಬ್ಬ ಮನುಷ್ಯ ತರಗುಪೇಟೆಯ ಹತ್ತಿರ ಇದ್ದ. ಅವನನ್ನು ಹಿಡಿದು ತಂದರು. “ಹಿಂದಿನ ಏಳು ಫಾರಂ ಓದ್ಕೊಳ್ಳಯ್ಯ” ಎಂದೆ. “ಯಾಕ್ ಸಾರ್? ಸಾಯೋನ ಹೆಸರು ಸೋಮು ತಾನೇ? ಗೊತ್ತಾಯ್ತು ಬಿಡಿ” ಎಂದ. ಮಾರನೆಯ ಮಧ್ಯಾಹ್ನ ಹದಿನಾರು ಪುಟ ಮುಗಿಸಿಬಿಟ್ಟ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಬ್ಬನನ್ನು ಕೊಲ್ಲಬೇಕೆಂದು ಮೂವರು ಗಂಡಸರು ತೀರ್ಮಾನಿಸಿದರು, ಆ ಮೂವರಲ್ಲಿ ಒಬ್ಬನೂ ಅವನ ಕಥೆ ಓದಿರಲಿಲ್ಲ. ಇದಕ್ಕಿಂತ ಹೇಸಿಗೆ ಬೇರೆ ಉಂಟೇ?

ಹೊಸ ಎಂಟನೆಯ ಫಾರಂ ನನ್ನ ಮೇಜಿಗೆ ಬಂತು. ಓದಿದೆ. ಚಳವಳಿ ಮತ್ತೆ ಎದ್ದಿತ್ತು. ಜಯಘೋಷ ಮುಗಿಲು ಮುಟ್ಟಿತ್ತು. ಆಮೇಲೆ ಈ ಸಾಲು: ‘ಸೋಮು ಬಾವುಟ ಹಿಡಿದು ಜಿಂಕೆಯಂತೆ ನೆಗೆಯುತ್ತ ಎಲ್ಲರಿಗಿಂತ ಮುಂದೆ ಓಡಿದನು.’

ನನ್ನ ಪೆನ್ನು ಅಲ್ಲೇ ನಿಂತಿತು. ಮಂಡಿ ಮಡಿಸಲಾರದ ಸೋಮು ಓಡುತ್ತಿದ್ದಾನೆ, ಅದೂ ಜಿಂಕೆಯಂತೆ! ಅವನು ಮೆಟ್ಟಿಲ ಮೇಲಿಂದ ಕುಪ್ಪಳಿಸುತ್ತಾನೆ, ಗೋಡೆ ಹಾರುತ್ತಾನೆ, ಓಡಿ ಓಡಿ ಲಾಠಿಗೆ ತಲೆ ಕೊಡುತ್ತಾನೆ. ಕೋಲಿನ ಸುದ್ದಿಯೇ ಇಲ್ಲ. ಹಿಂದಿನ ಏಳು ಫಾರಂನಲ್ಲಿ ಅದೇ ಸೋಮು ಕೋಲೂರಿಕೊಂಡು ನಡೆಯುತ್ತಿದ್ದಾನೆ. ಆ ಮೊಳೆಗಳನ್ನು ಬಿಚ್ಚಿ ಆಗಿದೆ, ಅಲ್ಲಿ ಯಾರೂ ಇನ್ನು ಕೈಯಾಡಿಸಲಾರರು.

ತಪ್ಪು ಕಂಡರೆ ತಿದ್ದುವುದು ನನ್ನ ರಕ್ತದಲ್ಲೇ ಇದೆ. ಮದುವೆಯ ಊಟಕ್ಕೆ ಹೋದರೂ ಲಗ್ನಪತ್ರಿಕೆಯ ತಪ್ಪು ಹುಡುಕುವ ಜಾತಿ ನಮ್ಮದು. ಆ ಹಾಳೆ ಎತ್ತಿಕೊಂಡು ಬಸಪ್ಪನವರ ಬಳಿ ಹೋದೆ. “ಇದು ಬೇಡ ಬಸಪ್ಪನೋರೇ. ಈ ಕಥೆ ಮುಂಚಿನದಕ್ಕೆ ಹೊಂದಲ್ಲ. ಹಳೇ ಕೊನೇನೇ ಇರ್ಲಿ” ಎಂದೆ.

ಅವರು ತಲೆಯೆತ್ತಿಯೂ ನೋಡಲಿಲ್ಲ. “ಶಾಮರಾಯರೇ, ಅಕ್ಷರ ತಿದ್ದೋದು ನಿಮ್ಮ ಕೆಲ್ಸ. ಕಥೆ ತಿದ್ದೋದಲ್ಲ.”

“ಆಗ್ಲಿ” ಎಂದೆ.

ಹಿಂದಿರುಗಿ ಬಂದು ಕೂತೆ. ಆ ಹದಿನಾರು ಪುಟಗಳನ್ನು ತಿದ್ದಿದಷ್ಟು ಶ್ರದ್ಧೆಯಿಂದ ಬೇರೆ ಯಾವುದನ್ನೂ ತಿದ್ದಿಲ್ಲ. ಬಿಟ್ಟುಹೋದ ಒತ್ತು ಸೇರಿಸಿದೆ, ತಲೆಕೆಳಗಾದ ಮೊಳೆ ಗುರುತಿಸಿದೆ, ಪೂರ್ಣವಿರಾಮ ಇಟ್ಟೆ. ಓಡುವ ಸೋಮುವನ್ನು ಮುಟ್ಟಲಿಲ್ಲ. ಅವನು ನೆಗೆಯಲಿ, ಹಾರಲಿ, ಬೇಕಾದರೆ ಮರ ಹತ್ತಲಿ. ಕೆಳಗೆ ‘ಅಚ್ಚಾಗಲಿ’ ಎಂದು ಬರೆದು ರುಜು ಹಾಕಿದೆ.

ಪುಸ್ತಕ ಹೊರಬಂತು, ಪಟ್ಟಿಗೂ ಸೇರಿತು. ಸದಸ್ಯರ ಮುನ್ನುಡಿಯಲ್ಲಿ ‘ನಾನು’ ಎಂಬ ಪದ ಸೋಮುವಿನ ಹೆಸರಿಗಿಂತ ಹೆಚ್ಚು ಸಲ ಇತ್ತು. ಅವರಿಗೊಂದು ಸನ್ಮಾನವೂ ನಡೆಯಿತಂತೆ. ಆ ವಾರವೆಲ್ಲ ನನಗೆ ಊಟ ಸೇರಲಿಲ್ಲ. ಪುಟ್ಟಗೌರಮ್ಮನವರ ಮುಖ ನೋಡದೆ ಸಮಾಧಾನವಾಗದು ಎನ್ನಿಸಿ ಒಂದು ಶನಿವಾರ ಬೆಳಗಿನ ಶಾಲೆ ಬಿಡುವ ಹೊತ್ತಿಗೆ ಮಲ್ಲೇಶ್ವರಕ್ಕೆ ಹೋದೆ. ಬೈದರೆ ಬೈಸಿಕೊಳ್ಳೋಣ ಎಂದೇ ಹೋದದ್ದು.

ಆಕೆ ತರಗತಿಯ ಬಾಗಿಲಲ್ಲಿ ನಿಂತಿದ್ದರು. ಸುತ್ತಲೂ ಲಂಗ ತೊಟ್ಟ ಹತ್ತಾರು ಹುಡುಗಿಯರು, ಕೈಯಲ್ಲಿ ಮೂರನೆಯ ಪುಸ್ತಕ, ಎಲ್ಲರದೂ ಒಟ್ಟಿಗೇ ಮಾತು. ನನ್ನನ್ನು ಕಂಡು ಆಕೆ ಒಬ್ಬ ಹುಡುಗಿಯ ಭುಜ ಹಿಡಿದು ಮುಂದೆ ತಂದರು. “ಇವರೇ ಪುಸ್ತಕ ಅಚ್ಚುಹಾಕೋ ಕಡೆಯೋರು. ನನಗೆ ಹೇಳಿದ್ದನ್ನ ಇವರಿಗೂ ಹೇಳು” ಎಂದರು.

ಹುಡುಗಿ ಸೊಂಟಕ್ಕೆ ಕೈಕೊಟ್ಟು ನಿಂತಿತು. “ನೀವು ಸುಳ್ಳು ಹಾಕಿದೀರ. ಕೊನೇಲಿ ಸತ್ತೋನು ನಮ್ಮ ಸೋಮು ಅಲ್ವೇ ಅಲ್ಲ. ನಮ್ಮ ಸೋಮುಗೆ ಎಲ್ಲಿ ಓಡಕ್ಕಾಗುತ್ತೆ? ಅವನು ಯಾರೋ ಬೇರೆಯೋನು. ನಮ್ಮ ಸೋಮು ಅಂಗ್ಡೀಲೇ ಇದಾನೆ.”

“ಹೂಂ ಕಣ್ರೀ, ಅಂಗ್ಡೀಲೇ ಇದಾನೆ!” ಎಂದು ಉಳಿದವರೂ ಕೂಗಿದರು. “ನಾಳೆ ಬನ್ರೋ ಅಂತ ಇನ್ನೂ ಹೇಳೇ ಇಲ್ಲ!”

ಮಕ್ಕಳು ಚದುರಿದ ಮೇಲೆ ಪುಟ್ಟಗೌರಮ್ಮ ನನ್ನ ಮುಖವನ್ನೇ ನೋಡಿದರು. “ನಿಮ್ಮ ಕಡೆ ಮೂರು ಪುಸ್ತಕಾನೂ ಓದಿದೋರು ನೀವೊಬ್ರೇ. ಅವನು ಓಡಿದ್ದು ನಿಮ್ಮ ಕಣ್ಣಿಗೆ ಬೀಳ್ಲಿಲ್ವಾ ರಾಯರೇ?”

“ಬಿತ್ತಮ್ಮ.”

“ಮತ್ತೆ?”

“ಅಕ್ಷರ ಎಲ್ಲಾ ಸರಿಯಾಗಿತ್ತು.”

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ನನಗೂ ಅಂದು ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಸೇರಿತು.

ಆಮೇಲೆಯೂ ನಾನು ಅದೇ ಕುರ್ಚಿಯಲ್ಲಿ ಕೂದಲು ನೆರೆಯುವವರೆಗೂ ಕೂತೆ. ಖಾದಿಯವರು, ಹಾರದವರು, ಮುನ್ನುಡಿಯವರು ಬಂದರು, ಹೋದರು. ಅವರ ಮೇಲಿನ ಅಸಹ್ಯ ಕಡಿಮೆಯಾಗಿದೆ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಆದರೆ ಕೆಲಸ ಕಲಿಸಿದ್ದು ಒಂದಿದೆ. ಪುಸ್ತಕದಲ್ಲಿ ಯಾರನ್ನು ಬೇಕಾದರೂ ಕೊಲ್ಲಬಹುದು, ಅದಕ್ಕೆ ಮೊದಲು ಆ ಪುಸ್ತಕವನ್ನು ಓದಿರಬೇಕು. ಮಕ್ಕಳು ಓದಿರುತ್ತಾರೆ.